ಮಾನ್ವಿಯ ಜಗನ್ನಾಥದಾಸರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿಕೊಂಡಿರುವ ಭೂಭಾಗವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆಯುತ್ತಿದ್ದರು. ಇಂದಿನ ರಾಯಚೂರು ಜಿಲ್ಲೆಯ ಬಹುಭಾಗವು ಇದರಲ್ಲಿ ಅಡಗಿದೆ. ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಗರ ಕಣ್ಣಿಗೆ ಬೀಳುವುದು ಎರೆಯ ಹೊಲಗಳು, ನಡುನಡುವೆ ತಲೆಯೆತ್ತಿ ನಿಂತ ಕಲ್ಲುಗುಡ್ಡಗಳು. ಪಾಮನಕಲ್ಲೂರಿನಂಥ ಊರುಗಳು ಈ ಎರೆನೆಲದ ಮಡಿಲಲ್ಲಿಯೇ ಹುಟ್ಟಿ ಬೆಳೆದವು. ಮಳೆ ಇಲ್ಲಿ ಧಾರಾಳವಲ್ಲ. ತುಂಗಭದ್ರೆಯ ಕಾಲುವೆಯ ನೀರು ಬರುವುದಕ್ಕೆ ಮುಂಚೆ ಜೋಳವೇ ಇಲ್ಲಿಯ ಜನರ ಪ್ರಾಣವಾಗಿದ್ದಿತು. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದುದರಿಂದ ಈ ನಾಡಿನ ಕೀರ್ತಿ ಲೋಕವಿಖ್ಯಾತವಾಯಿತು. ಆದರೆ ಆ ಶಾಸನವನ್ನು ಓದಬಲ್ಲವರು ವಿದ್ವಾಂಸರು ಮಾತ್ರ. ಓದುಬರಹ ಬಾರದವರೂ ಬಾಯಿಪಾಠವಾಗಿ ಉಳಿಸಿಕೊಂಡು ಬಂದ ಇನ್ನೊಂದು ಸಂಪತ್ತು ಈ ನೆಲದಲ್ಲಿದೆ. ಅದು ಹರಿದಾಸರ ಹಾಡು. ಚೀಕಲಪರ್ವಿ, ಮೊಸರಕಲ್ಲು, ಬ್ಯಾಗವಟ್ಟಿ, ಲಿಂಗಸುಗೂರು ಇವೆಲ್ಲ ಕೆಲವೇ ದಿನಗಳ ಕಾಲ್ನಡಿಗೆಯ ಅಂತರದಲ್ಲಿರುವ ಊರುಗಳು. ಒಂದೊಂದು ಊರೂ ಒಬ್ಬೊಬ್ಬ ದಾಸರನ್ನು ಕನ್ನಡಕ್ಕೆ ಕೊಟ್ಟಿದೆ.

ಮಾನ್ವಿ ಸೀಮೆಯ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಶಾನುಭೋಗಿಕೆಯ ಮನೆತನವೊಂದರಲ್ಲಿ ಶ್ರೀನಿವಾಸನೆಂಬ ಬಾಲಕ ಜನಿಸಿದನು. ಮುಂದೆ ಜಗನ್ನಾಥದಾಸರೆಂದು ಪ್ರಸಿದ್ಧರಾದವರು ಇವರೇ. ತಂದೆ ನರಸಿಂಹಾಚಾರ್ಯರು ಊರಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದರೂ ಅವರ ಮನಸ್ಸು ಹರಿಭಕ್ತಿಯ ಕಡೆಗೇ ಒಲಿದಿದ್ದಿತು. ಮಗನು ಅಸಾಧಾರಣ ಬುದ್ಧಿವಂತ. ಒಮ್ಮೆ ಕೇಳಿದುದನ್ನು ಮರೆಯದ ನೆನಪು, ಕೇಳಿದುದನ್ನು ಪ್ರಶ್ನಿಸುವ ಚುರುಕು ಎರಡೂ ಅವನಲ್ಲಿದ್ದುವು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಮಠದ ಪೀಠವನ್ನು ಅಲಂಕರಿಸಿದ ವರದೇಂದ್ರ ತೀರ್ಥರ ಬಳಿ ಶ್ರೀನಿವಾಸನು ವ್ಯಾಕರಣ, ತರ್ಕ, ವೇದಾಂತಗಳನ್ನು ವ್ಯಾಸಂಗ ಮಾಡಿದನು. ಯೌವನಕ್ಕೆ ಕಾಲಿಡುವಷ್ಟರಲ್ಲಿ ಶ್ರೀನಿವಾಸಾಚಾರ್ಯರೆಂಬ ಹೆಸರು ಸುತ್ತಣ ಸೀಮೆಯಲ್ಲೆಲ್ಲ ಹಬ್ಬಿತು. ಮಾನ್ವಿಯಲ್ಲಿ ಅವರು ನೆಲೆಸಿ ಶಿಷ್ಯರಿಗೆ ಪಾಠ ಹೇಳತೊಡಗಿದರು. ವಾದದಲ್ಲಿ ಅವರೆದುರು ನಿಲ್ಲುವವರು ವಿರಳರಾದರು.

ಆ ಕಾಲದಲ್ಲಿ ಮಾಧ್ವ ಸಂಪ್ರದಾಯದವರಲ್ಲಿ ಎರಡು ದಾರಿಗಳಿದ್ದುವು. ಸಂಸ್ಕೃತದಲ್ಲಿ ಶಾಸ್ತ್ರಗ್ರಂಥಗಳನ್ನು ಓದಿ, ಟೀಕೆ ಟಿಪ್ಪಣಿಗಳನ್ನು ಬರೆಯುವವರದು ವ್ಯಾಸಕೂಟ; ಅದೇ ತತ್ತ್ವವನ್ನು ತಿಳಿಗನ್ನಡದಲ್ಲಿ ಹಾಡಿ, ತಂಬೂರಿ ಮೀಟುತ್ತ, ಕಾಲಿಗೆ ಗೆಜ್ಜೆ ಕಟ್ಟಿ ಮನೆಮನೆಗೆ ಒಯ್ಯುವವರದು ದಾಸಕೂಟ. ಇವೆರಡೂ ಒಂದೇ ಮರದ ಕೊಂಬೆಗಳೆಂಬುದನ್ನು ಹದಿನಾರನೆಯ ಶತಮಾನದಲ್ಲಿಯೇ ವ್ಯಾಸರಾಯರೂ ಪುರಂದರದಾಸರೂ ತೋರಿಸಿಕೊಟ್ಟಿದ್ದರು. ಆದರೂ ಕೆಲವು ಪಂಡಿತರ ಮನಸ್ಸಿನಲ್ಲಿ ತಾರತಮ್ಯ ಉಳಿದೇ ಇತ್ತು. ಗಹನವಾದ ಶಾಸ್ತ್ರವಿಚಾರವನ್ನು ಹೆಂಗಸರು ಮಕ್ಕಳು ಆಡುವ ಭಾಷೆಯಲ್ಲಿ ಹೇಳಬಹುದೆಂದು ಅವರು ಒಪ್ಪುತ್ತಿರಲಿಲ್ಲ. ಶ್ರೀನಿವಾಸಾಚಾರ್ಯರೂ ಇದೇ ಭಾವನೆಯವರಾಗಿದ್ದರು. ತಂದೆಯೇ ದಾಸರ ಹಾದಿಗೆ ಒಲಿದವರಾಗಿದ್ದರೂ ಮಗನಿಗೆ ಅದು ರುಚಿಸದೆ ಹೋದುದು ವಿಚಿತ್ರವೇ ಸರಿ.

ದಾಸಕೂಟಕ್ಕೆ ಆಗ ಹಿರಿಯರಾಗಿದ್ದವರು ವಿಜಯದಾಸರು. ಅವರ ಹುಟ್ಟೂರು ತುಂಗಭದ್ರೆಯ ದಡದ ಚೀಕಲಪರ್ವಿ. ಬಾಲ್ಯದಲ್ಲಿ ಅವರು ಅನುಭವಿಸಿದ ಬಡತನ ಅಷ್ಟಿಷ್ಟಲ್ಲ. ಹೊಟ್ಟೆಪಾಡಿಗಾಗಿ ಊರೂರು ಅಲೆದು, ಕಾಶಿಯವರೆಗೂ ಹೋಗಿ, ಅಲ್ಲಿ ಕನಸಿನಲ್ಲಿ ಪುರಂದರದಾಸರ ಅನುಗ್ರಹವನ್ನು ಪಡೆದರೆಂದು ಸಂಪ್ರದಾಯದವರು ಹೇಳುತ್ತಾರೆ. ಅನಂತರ ಅವರ ಬಾಯಿಂದ ಹೊರಟ ಸುಳಾದಿಗಳು ಕನ್ನಡ ಭಕ್ತಿಸಾಹಿತ್ಯದ ಅಮೂಲ್ಯ ನಿಧಿಯೆನಿಸಿವೆ. ಶಾಸ್ತ್ರವನ್ನು ಗುರುಮುಖೇನ ಕ್ರಮವಾಗಿ ಓದಿದವರಲ್ಲವೆಂಬ ಕಾರಣದಿಂದ ಕೆಲವು ಪಂಡಿತರು ಅವರನ್ನು ಕಂಡು ಮೂಗು ಮುರಿಯುತ್ತಿದ್ದುದೂ ಉಂಟು.

ಇಂಥ ವಿಜಯದಾಸರು ಒಮ್ಮೆ ಶಿಷ್ಯಪರಿವಾರದೊಡನೆ ಮಾನ್ವಿಗೆ ಬಂದರು. ಊರೇ ಅವರನ್ನು ಎದುರುಗೊಂಡಿತು. ದೇವರ ಪೂಜೆ, ಭಜನೆ, ನೈವೇದ್ಯಗಳಾದ ಮೇಲೆ ಎಲ್ಲರಿಗೂ ಊಟ. ಊರಿನ ಹೆಸರಾಂತ ವಿದ್ವಾಂಸರನ್ನು ಬಿಟ್ಟು ಉಣ್ಣುವುದು ಹೇಗೆಂದು ದಾಸರು ಶ್ರೀನಿವಾಸಾಚಾರ್ಯರಿಗೆ ಕರೆ ಕಳುಹಿಸಿದರು. ಕನ್ನಡದ ಹಾಡು ಹೇಳುವವರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ತಮ್ಮ ಘನತೆಗೆ ಕುಂದೆಂದು ಆಚಾರ್ಯರಿಗೆ ತೋರಿತು. ಆದರೆ ಹಾಗೆಂದು ನೇರವಾಗಿ ಹೇಳಲು ಬಾಯಿ ಬರಲಿಲ್ಲ. ತಮಗೆ ಹೊಟ್ಟೆಶೂಲೆಯ ಬಾಧೆಯಿರುವುದೆಂದೂ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಅದು ಕೆರಳುವುದೆಂದೂ, ದಾಸರ ಪೂಜೆ ಮುಗಿದು ಎಲೆ ಹಾಕುವಷ್ಟರಲ್ಲಿ ಹೊತ್ತು ಇಳಿಯುವುದರಿಂದ ಬರಲಾಗದೆಂದೂ ಹೇಳಿ ಕಳುಹಿಸಿದರು. ಈ ಉತ್ತರವನ್ನು ಕೇಳಿ ವಿಜಯದಾಸರು ಕೋಪಿಸಿಕೊಳ್ಳಲಿಲ್ಲ. ಆಚಾರ್ಯರಿಗೆ ಶೂಲೆ ಇರುವುದಾದರೆ ಇರಲೆಂದು ಸುಮ್ಮನಾದರು ಎಂದು ದಾಸರ ಚರಿತ್ರೆಯನ್ನು ಹೇಳುವವರು ವರ್ಣಿಸುತ್ತಾರೆ.

ಸುಳ್ಳಾಗಿ ಹೇಳಿದ ಬೇನೆ ಕೆಲದಿನಗಳಲ್ಲಿಯೇ ನಿಜವಾಗಿ ಬಂದಿತು. ಹೊಟ್ಟೆಯಲ್ಲಿ ಎದ್ದ ಶೂಲೆ ಆಚಾರ್ಯರನ್ನು ಹಾಸಿಗೆಗೆ ಹಾಕಿತು. ಉಂಡ ಅನ್ನ ದಕ್ಕಲಿಲ್ಲ. ಮೈ ಸೊರಗಿತು, ನಿದ್ರೆ ದೂರವಾಯಿತು. ಕೆಲವರ ಹೇಳಿಕೆಯಂತೆ ಅದು ಕ್ಷಯದ ರೂಪವನ್ನೂ ತಾಳಿತು. ವೈದ್ಯರು ಬಂದರು, ಕಷಾಯ ಚೂರ್ಣಗಳನ್ನು ಕೊಟ್ಟರು, ಪಥ್ಯ ವಿಧಿಸಿದರು. ಯಾವುದರಿಂದಲೂ ಗುಣ ಕಾಣಲಿಲ್ಲ. ಶಿಷ್ಯರು ತೆರೆದಿಟ್ಟ ಓಲೆಗರಿಗಳ ಮುಂದೆ ಗುರುಗಳು ಹೊಟ್ಟೆ ಹಿಡಿದು ಕೂರುವಂತಾಯಿತು. ಆಗಿನ್ನೂ ಅವರಿಗೆ ಮೂವತ್ತು ವರ್ಷ ತುಂಬಿರಲಿಲ್ಲ.

ಈ ಬೇನೆಯ ವಿಚಾರವನ್ನು ಇಲ್ಲಿ ಕೊಂಚ ವಿವರವಾಗಿ ತಿಳಿಯುವುದು ಉಚಿತ. ಶ್ರೀನಿವಾಸಾಚಾರ್ಯರ ವ್ಯಾಧಿಗೆ ಇಂದಿನ ವೈದ್ಯಶಾಸ್ತ್ರದ ಯಾವ ಹೆಸರನ್ನು ಕೊಡಬೇಕೆಂದು ಎರಡೂವರೆ ಶತಮಾನಗಳಾದ ಮೇಲೆ ಯಾರೂ ನಿರ್ಧರಿಸಲಾರರು. ಆದರೆ ಅವರು ಹೇಳಿ ಕಳುಹಿಸಿದ ನೆಪ ಮಾತ್ರ ಗಮನಿಸತಕ್ಕದ್ದು. ಹೊತ್ತಿಗೆ ಸರಿಯಾಗಿ ಅನ್ನ ಬೀಳದಿದ್ದರೆ ನೋವು, ಉಂಡೊಡನೆ ಸ್ವಲ್ಪ ಶಮನ, ಮತ್ತೆ ಎರಡು ಮೂರು ಗಂಟೆಗಳ ಮೇಲೆ ನೋವು, ನಡುರಾತ್ರಿ ಎಬ್ಬಿಸುವ ಸಂಕಟ: ಇವು ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಾದವರು ವೈದ್ಯರ ಮುಂದೆ ಹೇಳಿಕೊಳ್ಳುವ ಲಕ್ಷಣಗಳು. ನೆಪವನ್ನು ಕೇಳಿದವರು ಯಾರೂ ಅದನ್ನು ವಿಚಿತ್ರವೆಂದು ಭಾವಿಸಲಿಲ್ಲ. ಅಂಥ ಬೇನೆಯವರು ಊರಿಗೊಬ್ಬರಾದರೂ ಇದ್ದಿರಬೇಕು. ನಮ್ಮ ಪ್ರಾಚೀನ ವೈದ್ಯರಿಗೂ ಇದು ಅಪರಿಚಿತವಾಗಿರಲಿಲ್ಲ. ಮಾಧವನಿದಾನವೆಂಬ ಸಂಸ್ಕೃತ ಗ್ರಂಥದಲ್ಲಿ ಅನ್ನ ಪಚನವಾಗುವ ಹೊತ್ತಿಗೆ ಏಳುವ ಪರಿಣಾಮಶೂಲೆಯನ್ನೂ, ಯಾವ ಹೊತ್ತಿನಲ್ಲಾದರೂ ಕಾಡುವ ಅನ್ನದ್ರವಶೂಲೆಯನ್ನೂ ಬೇರೆಬೇರೆಯಾಗಿ ಹೇಳಿದೆ.

ಜಠರದೊಳಗೆ ಹೈಡ್ರೋಕ್ಲೋರಿಕ್ ಆಮ್ಲವು ಸ್ರವಿಸುತ್ತದೆ. ಮಾಂಸವನ್ನೂ ಬೇಯಿಸಿದ ಬೇಳೆಯನ್ನೂ ಕರಗಿಸಬಲ್ಲ ರಸವು ಜಠರದ ಗೋಡೆಯನ್ನೇ ಏಕೆ ಕರಗಿಸುವುದಿಲ್ಲ? ಆ ಗೋಡೆಯ ಮೇಲೆ ದಪ್ಪನಾದ ಲೋಳೆಯ ಪದರವೊಂದು ಹಚ್ಚಡದಂತೆ ಹೊದೆದುಕೊಂಡಿರುವುದೇ ಇದಕ್ಕೆ ಕಾರಣ. ಹಚ್ಚಡ ಹರಿದ ಕಡೆಯಲ್ಲಿ ಆಮ್ಲವು ಒಳಗಿನ ಮೃದುವಾದ ಪೊರೆಯನ್ನು ಸುಡುತ್ತದೆ, ಅಲ್ಲಿ ಹುಣ್ಣಾಗುತ್ತದೆ. ಹುಣ್ಣು ಆಳವಾದರೆ ರಕ್ತನಾಳ ಒಡೆದು ಮಲವು ಡಾಂಬರಿನಂತೆ ಕಪ್ಪಾಗುವುದುಂಟು. ಗೋಡೆಯೇ ತೂತಾಗಿ ಪ್ರಾಣಕ್ಕೆ ಅಪಾಯವೊದಗುವುದೂ ಉಂಟು. ಹಾಗಾದರೆ ಹಚ್ಚಡ ಹರಿಯುವುದೇಕೆ? ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯರು ಕೊಡುತ್ತಿದ್ದ ಉತ್ತರ ಚಿಂತೆ ಮತ್ತು ಖಾರ. ಹುಣ್ಣಿನ ರೋಗಿಗೆ ವಿಶ್ರಾಂತಿ, ಹಾಲು, ಸಪ್ಪೆ ಊಟಗಳನ್ನು ಹೇಳುತ್ತಿದ್ದರು. ವಾಸಿಯಾಗದಿದ್ದರೆ ಶಸ್ತ್ರಚಿಕಿತ್ಸೆಯಿಂದ ಜಠರದ ಒಂದು ಭಾಗವನ್ನು ತೆಗೆಯುತ್ತಿದ್ದರು, ಇಲ್ಲವೆ ಆಮ್ಲವನ್ನು ಪ್ರಚೋದಿಸುವ ನರವನ್ನು ಕತ್ತರಿಸುತ್ತಿದ್ದರು. ಕೆಂಪುಹಿಂಡಿಯಿಲ್ಲದೆ ರೊಟ್ಟಿ ಮುರಿಯದ ನಾಡಿನಲ್ಲಿ ಮೆಣಸಿನಕಾಯಿಯ ಮೇಲೆ ಅಪವಾದ ಬಂದುದು ಸಹಜ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದುದು ಹದಿನಾರನೆಯ ಶತಮಾನದಲ್ಲಿ; ಶೂಲೆಯ ವರ್ಣನೆ ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನದು.

ನಿಜವಾದ ಕಾರಣ ಹೊರಬಿದ್ದುದು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. 1979ರಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು ರೋಗಿಗಳ ಜಠರದಿಂದ ತೆಗೆದ ಪೊರೆಯ ತುಣುಕುಗಳಲ್ಲಿ ಸುರುಳಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡರು. ಅಷ್ಟು ಕಟುವಾದ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದೆಂಬುದು ಅಂದಿನ ಸಿದ್ಧಾಂತ. ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ವಾರೆನ್ನರ ಜೊತೆಗೂಡಿದರು. ಆ ಸೂಕ್ಷ್ಮಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಯತ್ನಗಳು ಮತ್ತೆ ಮತ್ತೆ ವಿಫಲವಾದುವು. 1982ರ ಈಸ್ಟರ್ ಹಬ್ಬದ ರಜೆಯಲ್ಲಿ ತಟ್ಟೆಗಳನ್ನು ಎಂದಿಗಿಂತ ಹೆಚ್ಚು ದಿನ ಹಾಗೆಯೇ ಬಿಟ್ಟಿದ್ದುದರಿಂದ ಅದು ಚಿಗುರಿ ಕಾಣಿಸಿಕೊಂಡಿತು. ಆದರೂ ಲೋಕ ನಂಬಲಿಲ್ಲ. 1984ರಲ್ಲಿ ಮಾರ್ಷಲ್ಲರು ಆ ಸೂಕ್ಷ್ಮಾಣುಗಳು ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ ಆರಂಭವಾದುವು. ನಳಿಕೆಯಿಳಿಸಿ ನೋಡಿದಾಗ ಜಠರದ ಪೊರೆ ಉರಿಯೂತದಿಂದ ಕೂಡಿದ್ದಿತು. ಅನಂತರ ಔಷಧ ತೆಗೆದುಕೊಂಡು ಅವರು ಗುಣಹೊಂದಿದರು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂದು ಇಂದು ಹೆಸರಾಗಿರುವ ಈ ಬ್ಯಾಕ್ಟೀರಿಯವು ತನ್ನ ಸುತ್ತ ಅಮೋನಿಯವನ್ನು ಉತ್ಪಾದಿಸಿ ಆಮ್ಲದ ಕಾವನ್ನು ಕಳೆದುಕೊಂಡು ಲೋಳೆಯ ಹಚ್ಚಡದೊಳಗೇ ಮನೆ ಮಾಡುತ್ತದೆ. ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ 2005ರ ನೊಬೆಲ್ ಬಹುಮಾನ ಸಂದಿತು.

ಈ ಸೂಕ್ಷ್ಮಾಣು ಬಹುಮಟ್ಟಿಗೆ ಬಾಲ್ಯದಲ್ಲಿಯೇ, ಮನೆಯವರ ನಡುವೆ, ಕೊಳೆಯಾದ ನೀರು ಮತ್ತು ತೊಳೆಯದ ಕೈಗಳ ಮೂಲಕ ಹರಡುತ್ತದೆಂದು ತಿಳಿದುಬಂದಿದೆ. ಅದನ್ನು ಹೊತ್ತವರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿಗೆ ಮಾತ್ರ ಹುಣ್ಣಾಗುತ್ತದೆ. ಉಳಿದವರು ಅದರ ಸುಳಿವೇ ಇಲ್ಲದೆ ಬಾಳುತ್ತಾರೆ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ಗುಳಿಗೆಗಳನ್ನು ಬಹುಕಾಲ ನುಂಗುವುದು ಹುಣ್ಣಿಗೆ ಎರಡನೆಯ ಮುಖ್ಯ ಕಾರಣ. ಧೂಮಪಾನದಿಂದ ಹುಣ್ಣು ಮಾಯುವುದು ತಡವಾಗುತ್ತದೆ. ಖಾರ ಮತ್ತು ಚಿಂತೆಗಳು ಇದ್ದ ನೋವನ್ನು ಹೆಚ್ಚಿಸಬಹುದು. ಹುಣ್ಣಿನ ಮೂಲ ಅವಲ್ಲ. ಆಮ್ಲವನ್ನು ತಗ್ಗಿಸುವ ಔಷಧದೊಡನೆ ಸೂಕ್ಷ್ಮಾಣುನಾಶಕಗಳನ್ನು ಕೂಡಿಸಿ ಎರಡು ವಾರಗಳ ಚಿಕಿತ್ಸೆ ಮಾಡಿದರೆ ಬಹುಪಾಲು ರೋಗಿಗಳ ಹುಣ್ಣು ಮಾಯುತ್ತದೆ. ಈ ಸೂಕ್ಷ್ಮಾಣು ಮನುಷ್ಯನಿಗೆ ಹೊಸ ಶತ್ರುವೇನೂ ಅಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷ ಹುದುಗಿದ್ದ ಮನುಷ್ಯನೊಬ್ಬನ ಜಠರದಲ್ಲಿ ಅದರ ಕುರುಹು ದೊರೆತುದನ್ನು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು.

ಹದಿನೆಂಟನೆಯ ಶತಮಾನದ ಮಾನ್ವಿಯಲ್ಲಿ ಈ ತಿಳಿವಳಿಕೆ ಯಾರಿಗೂ ಇರಲಿಲ್ಲ. ಬೇನೆ ಬಂದಾಗ ಮನುಷ್ಯನು ತನ್ನ ನಡತೆಯಲ್ಲಿಯೇ ಅದರ ಕಾರಣವನ್ನು ಹುಡುಕುತ್ತಿದ್ದನು. ಶ್ರೀನಿವಾಸಾಚಾರ್ಯರಿಗೆ ಬಹಳ ದೂರ ಹುಡುಕಬೇಕಾಗಿರಲಿಲ್ಲ. ರೋಗ ಎಲ್ಲಿಂದಲೇ ಬಂದಿರಲಿ, ಹೊಟ್ಟೆನೋವಿನ ಸುಳ್ಳು ಹೇಳಿ ಹಿರಿಯರೊಬ್ಬರ ಅನ್ನವನ್ನು ನಿರಾಕರಿಸಿದುದಂತೂ ನಿಜವಾಗಿದ್ದಿತು. ನೋವಿನ ರಾತ್ರಿಗಳಲ್ಲಿ ಆ ನೆನಪು ಅವರನ್ನು ಶೂಲೆಗಿಂತ ಹೆಚ್ಚಾಗಿ ಇರಿಯಿತು.

ಮದ್ದುಗಳೆಲ್ಲ ಸೋತ ಮೇಲೆ ಅವರು ದೇವರ ಮೊರೆಹೊಕ್ಕು ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳ ಬೃಂದಾವನದ ಸೇವೆಗೆ ನಿಂತರು. ಅಪರಾಧ ಯಾರಲ್ಲಿ ನಡೆದಿದೆಯೋ ಅವರನ್ನೇ ಶರಣುಹೋಗಬೇಕೆಂದು ಅಲ್ಲಿ ಅವರಿಗೆ ಕನಸಿನಲ್ಲಿ ಸೂಚನೆಯಾಯಿತೆಂದು ಐತಿಹ್ಯ. ಶಾಸ್ತ್ರವಾದದಲ್ಲಿ ಎಂದೂ ಸೋಲದ ಪಂಡಿತರಿಗೆ ಇದು ಸುಲಭದ ದಾರಿಯಾಗಿರಲಿಲ್ಲ. ತಾವು ತಿರಸ್ಕರಿಸಿದವರ ಬಾಗಿಲಿಗೆ ತಾವೇ, ಅದೂ ರೋಗಿಯಾಗಿ, ಹೋಗಿ ನಿಲ್ಲಬೇಕು. ಊರವರು ನಗಬಹುದು, ಶಿಷ್ಯರು ಬಿಟ್ಟುಹೋಗಬಹುದು. ಆದರೂ ಆಚಾರ್ಯರು ಹೊರಟರು. ನಡೆಯುವ ತ್ರಾಣವಿಲ್ಲದ ಶರೀರವನ್ನು ಹೊತ್ತುಕೊಂಡು ವಿಜಯದಾಸರ ಸನ್ನಿಧಿಗೆ ಬಂದು ಕಾಲಿಗೆ ಬಿದ್ದು, ಅಂದು ಹೇಳಿದ ಮಾತು ನೆಪವೆಂದು ಒಪ್ಪಿಕೊಂಡರು.

ವಿಜಯದಾಸರು ಅವರನ್ನು ಕ್ಷಮಿಸಿದರು. ಆದರೆ ಬೇನೆಯ ಪರಿಹಾರಕ್ಕೆ ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಹೋಗಬೇಕೆಂದು ಆಜ್ಞಾಪಿಸಿದರು. ಗೋಪಾಲದಾಸರು ಮೊಸರಕಲ್ಲಿನಲ್ಲಿ ಹುಟ್ಟಿದವರು. ಭಾಗಣ್ಣನೆಂಬುದು ಅವರ ಮೊದಲಿನ ಹೆಸರು. ಇಂದಿನ ತೆಲಂಗಾಣ ರಾಜ್ಯಕ್ಕೆ ಸೇರಿರುವ ಉತ್ತನೂರು ಅವರ ನೆಲೆ. ಜ್ಯೋತಿಷದಲ್ಲಿ ಪಳಗಿದವರೂ ಚಿತ್ರ ಬರೆಯಬಲ್ಲವರೂ ಆಗಿದ್ದ ಅವರು ಸ್ವಭಾವದಲ್ಲಿ ಅತಿ ಸೌಮ್ಯರು. ವಿಜಯದಾಸರ ಈ ಆಜ್ಞೆಯಲ್ಲಿ ಒಂದು ಸೂಕ್ಷ್ಮವಿದೆ. ಗುರುವಿಗೆ ತಲೆಬಾಗುವುದು ಅಷ್ಟೇನೂ ಕಷ್ಟವಲ್ಲ. ಗುರುವಿನ ಶಿಷ್ಯನಿಗೆ, ಅದೂ ತನಗಿಂತ ಕೆಲವೇ ವರ್ಷಗಳಷ್ಟು ಹಿರಿಯನಾದವನಿಗೆ ತಲೆಬಾಗುವುದು ಅಭಿಮಾನಿಯಾದ ವಿದ್ವಾಂಸನಿಗೆ ನಿಜವಾದ ಪರೀಕ್ಷೆ.

ಉತ್ತನೂರಿಗೆ ಬಂದ ರೋಗಿಯನ್ನು ಗೋಪಾಲದಾಸರು ಮನೆಯವರಂತೆ ಬರಮಾಡಿಕೊಂಡರು. ಧನ್ವಂತರಿಯನ್ನು ಜಪಿಸಿ ಜೋಳದ ರೊಟ್ಟಿಯನ್ನು ಮುಂದಿಟ್ಟು ಉಣ್ಣಲು ಹೇಳಿದರು. ಗಂಜಿಯೂ ದಕ್ಕದ ಹೊಟ್ಟೆಗೆ ರೊಟ್ಟಿ! ವೈದ್ಯರು ಯಾರೂ ಆ ಪಥ್ಯವನ್ನು ಹೇಳುತ್ತಿರಲಿಲ್ಲ. ಆದರೆ ಒಮ್ಮೆ ಅನ್ನವನ್ನು ಬೇಡವೆಂದು ಇಲ್ಲಿಯವರೆಗೆ ಬಂದ ಆಚಾರ್ಯರು ಈ ಸಲ ಮರುಮಾತಾಡದೆ ಆ ರೊಟ್ಟಿಯನ್ನು ತಿಂದರು. ಅದು ದಕ್ಕಿತು, ನೋವು ದಿನದಿನಕ್ಕೆ ಇಳಿಯುತ್ತ ಬಂದಿತು. ರೋಗಿಯ ಆಯುಷ್ಯವೂ ಮುಗಿಯುತ್ತ ಬಂದಿದೆಯೆಂದು ಕಂಡುಕೊಂಡ ಗೋಪಾಲದಾಸರು, ಗುರುಗಳ ಅಪ್ಪಣೆಯಂತೆ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದು ಕೊಟ್ಟರೆಂದು ಭಕ್ತರು ನಂಬುತ್ತಾರೆ. ನಂಬಿಕೆಯ ಮಾತನ್ನು ಅಳತೆಗೋಲಿನಿಂದ ಅಳೆಯುವುದು ಸಲ್ಲದು. ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಗೋಪಾಲದಾಸರೂ ಮುಪ್ಪನ್ನು ಕಾಣದೆ 1760ರ ದಶಕದಲ್ಲಿ ತೀರಿಕೊಂಡರು. ಸಾಯುವನೆಂದು ಎಲ್ಲರೂ ಕೈಬಿಟ್ಟಿದ್ದ ಶ್ರೀನಿವಾಸಾಚಾರ್ಯರು ಎಂಬತ್ತೊಂದು ವರ್ಷ ಬಾಳಿದರು.

ಆರೋಗ್ಯ ಮರಳಿದ ಮೇಲೆ ಹಳೆಯ ಬದುಕು ಮರಳಲಿಲ್ಲ. ಗೋಪಾಲದಾಸರ ಅನುಜ್ಞೆಯನ್ನು ಪಡೆದು ಅವರು ಪಂಢರಪುರಕ್ಕೆ ಹೋದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಮುಳುಗಿ ಏಳುವಾಗ ಜಗನ್ನಾಥ ವಿಠ್ಠಲ ಎಂಬ ಅಕ್ಷರಗಳಿದ್ದ ಶಿಲೆಯೊಂದು ಕೈಗೆ ಸಿಕ್ಕಿತೆಂದೂ, ಅದನ್ನೇ ತಮ್ಮ ಅಂಕಿತವಾಗಿ ಸ್ವೀಕರಿಸಿದರೆಂದೂ ಪ್ರತೀತಿ. ಶ್ರೀನಿವಾಸಾಚಾರ್ಯರು ಅಂದಿನಿಂದ ಜಗನ್ನಾಥದಾಸರಾದರು. ಮಾನ್ವಿಗೆ ಅವರು ಹಿಂದಿರುಗಿದಾಗ ಹೆಗಲ ಮೇಲೆ ತಂಬೂರಿಯಿದ್ದಿತು. ಸಭೆಗಳಲ್ಲಿ ಸಂಸ್ಕೃತದ ಸಿಂಹಧ್ವನಿಯನ್ನು ಕೇಳಿದ್ದ ಜನ ಈಗ ಬೀದಿಯಲ್ಲಿ ಅದೇ ಕಂಠದಿಂದ ಕನ್ನಡದ ಹಾಡನ್ನು ಕೇಳಿ ಬೆರಗಾದರು. ಕಲಿತ ಶಾಸ್ತ್ರವನ್ನು ಅವರು ಕೈಬಿಟ್ಟರೆಂದು ಮಾತ್ರ ತಿಳಿಯಬಾರದು. ಅದೆಲ್ಲವನ್ನೂ ಕನ್ನಡದ ಪಾತ್ರೆಗೆ ಸುರಿಯುವ ಕೆಲಸಕ್ಕೆ ತೊಡಗಿದರು. ಕೀರ್ತನೆಗಳನ್ನು ನೂರಾರು ಸಂಖ್ಯೆಯಲ್ಲಿ ರಚಿಸಿದರು. ಹಳ್ಳಿಯ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡಿಕೊಳ್ಳುವ ತ್ರಿಪದಿಯ ಧಾಟಿಯಲ್ಲಿ ತತ್ತ್ವಸುವ್ವಾಲಿ ಎಂಬ ಕೃತಿಯನ್ನು ಬರೆದರು.

ಅವರ ಹೆಸರನ್ನು ಚಿರಸ್ಥಾಯಿಯಾಗಿ ಮಾಡಿದ ಗ್ರಂಥ ಹರಿಕಥಾಮೃತಸಾರ. ಕುಮಾರವ್ಯಾಸನು ಭಾರತದ ಕಥೆಯನ್ನು ಹೇಳಲು ಬಳಸಿದ ಭಾಮಿನಿ ಷಟ್ಪದಿಯಲ್ಲಿಯೇ ಅವರು ದ್ವೈತ ವೇದಾಂತದ ಸಾರವನ್ನು ಮೂವತ್ತೆರಡು ಸಂಧಿಗಳಲ್ಲಿ ಹೇಳಿದ್ದಾರೆ. ಇದರಲ್ಲಿ ಕಥೆಯಿಲ್ಲ, ಯುದ್ಧವಿಲ್ಲ. ಇರುವುದು ಕೇವಲ ತತ್ತ್ವವಿಚಾರ. ಹೀಗಿದ್ದೂ ಪದ್ಯಗಳು ನಾಲಗೆಯ ಮೇಲೆ ಸರಾಗವಾಗಿ ಹರಿಯುತ್ತವೆ. ಕೆಲವು ಕಡೆ ಪಾರಿಭಾಷಿಕ ಪದಗಳು ಒತ್ತಾಗಿ ಬಂದು ಹೊಸ ಓದುಗನಿಗೆ ಕಠಿಣವೆನಿಸುವುದುಂಟು. ಕರುಣಾ ಸಂಧಿಯಂಥ ಕಡೆಗಳಲ್ಲಿ ಮಾತು ತಾಯಿಯ ಮಾತಿನಷ್ಟು ಸರಳವಾಗುತ್ತದೆ. ಪಂಡಿತರು ಯಾವ ಭಾಷೆಗೆ ಶಾಸ್ತ್ರವನ್ನು ಹೊರುವ ಶಕ್ತಿಯಿಲ್ಲವೆಂದು ಹೇಳುತ್ತಿದ್ದರೋ ಆ ಭಾಷೆಯ ಈ ಗ್ರಂಥಕ್ಕೆ ಮುಂದೆ ಪಂಡಿತರೇ ಸಂಸ್ಕೃತದಲ್ಲಿ ವ್ಯಾಖ್ಯಾನವನ್ನು ಬರೆಯುವಂತಾಯಿತು.

ಈ ಗ್ರಂಥದ ಮೊದಮೊದಲಿನ ಸಂಧಿಗಳಲ್ಲಿಯೇ ಭೋಜನದ ವಿಚಾರಕ್ಕೆ ಮೀಸಲಾದ ಸಂಧಿಯೊಂದು ಬರುತ್ತದೆ. ಉಣ್ಣುವ ಪ್ರತಿಯೊಂದು ಪದಾರ್ಥದಲ್ಲಿಯೂ, ಅದರ ರಸದಲ್ಲಿಯೂ ಭಗವಂತನ ಒಂದೊಂದು ರೂಪವು ನೆಲೆಸಿರುವುದೆಂದು ಅಲ್ಲಿ ವಿವರಿಸಲಾಗಿದೆ. ಅನ್ನ, ತುಪ್ಪ, ಹಾಲು, ಪಲ್ಯಗಳು ಕೂಡ ಅಲ್ಲಿ ಧ್ಯಾನದ ವಸ್ತುಗಳಾಗುತ್ತವೆ. ಮತ್ತೊಂದು ಸಂಧಿಯಲ್ಲಿ ಉಸಿರಾಟದ ವಿಚಾರವಿದೆ. ಮನುಷ್ಯನು ಹಗಲಿರುಳು ಸೇರಿ 21,600 ಸಲ ಉಸಿರಾಡುತ್ತಾನೆಂಬ ಪ್ರಾಚೀನರ ಎಣಿಕೆಯನ್ನು ಅದರಲ್ಲಿ ಸ್ಮರಿಸಿದ್ದಾರೆ. ನಿಮಿಷಕ್ಕೆ ಹದಿನೈದರಂತೆ ಲೆಕ್ಕ ಹಾಕಿದರೆ ಇದು ಸರಿಯಾಗಿಯೇ ಇದೆ. ನಾಡಿಗಳ ವಿಚಾರಕ್ಕೂ ಒಂದು ಪ್ರಕರಣವುಂಟು. ಅನ್ನವನ್ನೂ ಉಸಿರನ್ನೂ ಶರೀರವನ್ನೂ ಇಷ್ಟು ಆದರದಿಂದ ಕಾಣುವ ಈ ಪದ್ಯಗಳನ್ನು ಓದುವಾಗ, ತುತ್ತು ಅನ್ನ ದಕ್ಕದೆ ನರಳಿದ ತರುಣ ಪಂಡಿತರ ನೆನಪು ಬಾರದೆ ಇರದು.

ಜಗನ್ನಾಥದಾಸರ ಶಿಷ್ಯರು ಅನೇಕರು. ಲಿಂಗಸುಗೂರಿನ ಪ್ರಾಣೇಶದಾಸರು ಅವರಲ್ಲಿ ಅಗ್ರಗಣ್ಯರು. ಶ್ರೀದವಿಠ್ಠಲರೆಂದು ಪ್ರಸಿದ್ಧರಾದ ಕರ್ಜಗಿಯ ದಾಸಪ್ಪನವರು ಇನ್ನೊಬ್ಬರು. ಹರಿಕಥಾಮೃತಸಾರದ ಕೊನೆಗೆ ಸೇರಿರುವ ಫಲಶ್ರುತಿಯ ಸಂಧಿಯು ಇವರ ರಚನೆ. ಇವರಿಂದ ಹಾಡು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಹಳ್ಳಿಹಳ್ಳಿಗೂ, ಆಚೆಗೆ ಧಾರವಾಡ ಬಳ್ಳಾರಿಗಳ ಕಡೆಗೂ ಹರಡಿತು. ಅಚ್ಚಿನ ಯಂತ್ರ ಈ ಸೀಮೆಗೆ ಬರುವ ಮೊದಲು ಎಷ್ಟೋ ಮನೆಗಳಲ್ಲಿ ಹೆಂಗಸರು ಸಂಧಿಗೆ ಸಂಧಿಯನ್ನೇ ಬಾಯಿಪಾಠವಾಗಿ ಇಟ್ಟುಕೊಂಡು ಮಕ್ಕಳಿಗೆ ಕಲಿಸಿದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯರು ವೇದಾಂತದ ಪದಗಳನ್ನು ತಪ್ಪಿಲ್ಲದೆ ಉಚ್ಚರಿಸುತ್ತಿದ್ದುದು ಈ ಗ್ರಂಥದ ಪ್ರಭಾವದಿಂದಲೇ.

ಇಳಿವಯಸ್ಸಿನಲ್ಲಿಯೂ ದಾಸರು ಮಾನ್ವಿಯಲ್ಲಿಯೇ ಇದ್ದರು. ಪಾಠ ಕೇಳಲು ದೂರದೂರದಿಂದ ಬಂದವರಿಗೆ ಅವರ ಮನೆಯಲ್ಲಿಯೇ ಊಟ. 1809ರ ಭಾದ್ರಪದ ಶುದ್ಧ ನವಮಿಯಂದು ಅವರು ದೇಹತ್ಯಾಗ ಮಾಡಿದರು. ಅವರು ಒರಗಿ ಕೂರುತ್ತಿದ್ದರೆಂದು ಹೇಳಲಾಗುವ ಮನೆಯ ಕಂಬವನ್ನು ಜನರು ಇಂದಿಗೂ ಪೂಜಿಸುತ್ತಾರೆ. ಪ್ರತಿವರ್ಷವೂ ಆ ತಿಥಿಯಂದು ಮಾನ್ವಿಯಲ್ಲಿ ಅವರ ಆರಾಧನೆ ನಡೆಯುತ್ತದೆ. ಸುತ್ತಲಿನ ಊರುಗಳಿಂದ ಬಂದವರು ಹರಿಕಥಾಮೃತಸಾರವನ್ನು ಹಾಡಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಎಲೆ ಹಾಕುವುದು ಆ ಬಳಿಕವೇ.